ಡಿಸ್ಕ್ ಅಲುಗಿದರೆ ನನ್ನ ಫೋನಿಗೆ ಗೊತ್ತಾಗುತ್ತದೆ: ನನ್ನ ಅನುಭವ

ದಾವಣಗೆರೆಯಲ್ಲಿ ಕೂತು ಸುತ್ತಮುತ್ತಲ ಹನ್ನೊಂದು ಲಿನಕ್ಸ್ ಸರ್ವರ್ ನೋಡಿಕೊಳ್ಳುತ್ತೇನೆ. ಒಂದು ಪತ್ತಿನ ಸಹಕಾರ ಸಂಘ, ಎರಡು ಲ್ಯಾಬ್, ಒಂದು ಪ್ರಿಂಟಿಂಗ್ ಪ್ರೆಸ್, ಉಳಿದವು ಅಂಗಡಿ, ಗೋದಾಮು. ಈಗ ಅವುಗಳಲ್ಲಿ ಎಲ್ಲಾದರೂ ಡಿಸ್ಕ್ ಕಳಚಿಕೊಂಡರೆ, ಯಾರಾದರೂ ವಾಲ್ಯೂಮ್ (ಡಿಸ್ಕಿನಲ್ಲಿ ವಿಂಗಡಿಸಿಟ್ಟ ಜಾಗ) ಹಿಗ್ಗಿಸಿದರೆ, ಅಳಿಸಿದರೆ, ಒಂದು ಮೌಂಟ್ (ಡಿಸ್ಕನ್ನು ಒಂದು ಫೋಲ್ಡರಿಗೆ ಹೊಂದಿಸಿದ ಜೋಡಣೆ) ಬಿಟ್ಟುಹೋದರೆ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನನಗೆ ಸುದ್ದಿ ಬರುತ್ತದೆ. ಬೇಡದ ಸುದ್ದಿ ಬರುವುದಿಲ್ಲ. ಈ ಎರಡನೇದನ್ನು ಸಾಧಿಸುವುದಕ್ಕೇ ಹದಿನಾಲ್ಕು ತಿಂಗಳು ಹಿಡಿಯಿತು. ‘ಇಷ್ಟೆಲ್ಲ ಯಾಕೆ, ಡಿಸ್ಕ್ ಎಷ್ಟು ತುಂಬಿದೆ ಅಂತ ನೋಡ್ತಾ ಇದ್ರೆ ಸಾಕಲ್ವಾ’ ಎಂದ ಗೆಳೆಯರೇ ಜಾಸ್ತಿ. ಸಾಕಾಗಲ್ಲ. ನನಗೆ ಅದು ತಿಳಿದದ್ದು ಕೈಯಿಂದ ದುಡ್ಡು ಹೋದ ಮೇಲೆ.

ಲ್ಯಾಬೊಂದರಲ್ಲಿ ಬ್ಯಾಕಪ್‌ಗೆ ಬೇರೆ ಡಿಸ್ಕ್ ಇಟ್ಟಿದ್ದೆ. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಸ್ಟ್ಯಾಬ್ ಫೈಲಿನಲ್ಲಿ ಯುಯುಐಡಿ (ಬದಲಾಗದ ಗುರುತಿನ ಸಂಖ್ಯೆ) ಹಾಕದೆ, ಬೂಟ್ ಆದಾಗ ಬದಲಾಗಬಹುದಾದ ಎಸ್‌ಡಿಬಿ ಎಂಬ ಹೆಸರನ್ನೇ ಬರೆದಿದ್ದೆ, ಜೊತೆಗೆ ನೋಫೇಲ್, ಅಂದರೆ ಡಿಸ್ಕ್ ಸಿಗದಿದ್ದರೂ ಬೂಟ್ ನಿಲ್ಲಬೇಡ ಎಂಬ ಸೂಚನೆ. ಒಂದು ರಾತ್ರಿ ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು, ಸರ್ವರ್ ರೀಬೂಟ್ ಆಯಿತು. ಎಸ್‌ಡಿಬಿ ಇದ್ದದ್ದು ಎಸ್‌ಡಿಸಿ ಆಗಿತ್ತು. ಮೌಂಟ್ ಕೂರಲಿಲ್ಲ. ನೋಫೇಲ್ ಇದ್ದದ್ದರಿಂದ ಬೂಟ್ ಸುಮ್ನೆ ಮುಂದಕ್ಕೆ ಹೋಯಿತು. ಅವತ್ತಿನಿಂದ ಬ್ಯಾಕಪ್ ಸ್ಕ್ರಿಪ್ಟ್ ಸಿಸ್ಟಂ ಇರುವ ರೂಟ್ ಡಿಸ್ಕಿನಲ್ಲಿದ್ದ ಖಾಲಿ ಫೋಲ್ಡರಿಗೆ ಬರೆಯುತ್ತಾ ಹೋಯಿತು. ಸುಮಾರು ಮೂರು ವಾರ. ರೂಟ್ ಶೇ. 97 ತುಂಬಿದಾಗ ಎಚ್ಚರಿಕೆ ಬಂತು. ಅಲ್ಲಿದ್ದ ಹುಡುಗ ಹಳೇ ಫೈಲು ಅಂದುಕೊಂಡು ಆ ಬ್ಯಾಕಪ್‌ಗಳನ್ನೇ ಅಳಿಸಿ ಜಾಗ ಮಾಡಿದ. ನಾಲ್ಕು ದಿನಕ್ಕೆ ಡೇಟಾಬೇಸ್ ಕೆಟ್ಟಿತು. ಮೂರು ವಾರದ ರಿಪೋರ್ಟುಗಳನ್ನು ಕಾಗದ ನೋಡಿಕೊಂಡು ಇಬ್ಬರು ಒಂಬತ್ತು ದಿನ ಕೂತು ಮತ್ತೆ ಟೈಪ್ ಮಾಡಿದರು. ಅವರ ಕೂಲಿ ಏಳೆಂಟು ಸಾವಿರ ನಾನೇ ಕೊಟ್ಟೆ. ಆ ಲ್ಯಾಬಿನ ಎಎಂಸಿ (ವರ್ಷದ ನಿರ್ವಹಣೆ ಗುತ್ತಿಗೆ) ಮರುವರ್ಷ ಸಿಗಲಿಲ್ಲ.

ತುಂಬಿದೆ ಎಂಬ ಎಚ್ಚರಿಕೆ ಸರಿಯಾಗಿಯೇ ಬಂದಿತ್ತು, ನೋಡಿ. ನನಗೆ ಬೇಕಾಗಿದ್ದ ಸುದ್ದಿ ಅದಲ್ಲ. ‘ನಿನ್ನೆ ಇದ್ದ ಮೌಂಟ್ ಇವತ್ತು ಇಲ್ಲ’ ಎಂಬುದು ಬೇಕಾಗಿತ್ತು.

ಇದಕ್ಕೆ ಬಿಟ್ಟಿ ಮದ್ದೊಂದಿದೆ, ಎಲ್ಲರೂ ಮಾಡಿಕೊಳ್ಳಿ. ಡಿಸ್ಕ್ ಮೌಂಟ್ ಮಾಡುವ ಮುಂಚೆ ಆ ಖಾಲಿ ಫೋಲ್ಡರಿಗೆ ‘ಚಾಟರ್ ಪ್ಲಸ್ ಐ’ ಎಂಬ, ಬರೆಯದಂತೆ ಬೀಗ ಹಾಕುವ ಕಮಾಂಡ್ ಕೊಡಿ. ಮೌಂಟ್ ಆಗಿದ್ದರೆ ಮಾಮೂಲಿಯಂತೆ ಬರೆಯುತ್ತದೆ. ಮೌಂಟ್ ಇಲ್ಲದಿದ್ದರೆ ಎಲ್ಲ ಅಧಿಕಾರ ಇರುವ ರೂಟ್ ಯೂಸರ್ ಬರೆಯಲು ಹೋದರೂ ಎರರ್ ಬರುತ್ತದೆ, ಅಲ್ಲಿ ಏನೂ ಬರೆಯಲಾಗುವುದಿಲ್ಲ.

ರೆಡಿಮೇಡ್ ಸಾಫ್ಟ್‌ವೇರಿಗೆ ಬೆಲೆ ಕೇಳಿದೆ. ಹನ್ನೊಂದು ಸರ್ವರಿಗೆ ವರ್ಷಕ್ಕೆ 38 ಸಾವಿರದ ಹತ್ತಿರ ಹೇಳಿದರು. ನನಗೆ ಒಂದು ಸರ್ವರಿಂದ ತಿಂಗಳಿಗೆ ಸಿಗುವುದು ಒಂದೂವರೆ ಸಾವಿರ. ಜ್ಯಾಬಿಕ್ಸ್ ಎಂಬ ಬಿಟ್ಟಿ ಮಾನಿಟರಿಂಗ್ ಸಾಫ್ಟ್‌ವೇರ್ ಹಾಕಿ ಒಂದು ತಿಂಗಳು ನೋಡಿದೆ. ಗ್ರಾಫಿಗೆ, ಬಿಸಿ ನೋಡಲಿಕ್ಕೆ ಒಳ್ಳೆಯದು, ಈಗಲೂ ಎರಡು ಕಡೆ ಇದೆ. ಆದರೆ ನಾನು ಅಂದುಕೊಂಡ ಬದಲಾವಣೆಗಳಿಗೆಲ್ಲ ಒಂದೊಂದಾಗಿ ಐಟಂ (ಏನನ್ನು ಅಳೆಯಬೇಕು ಎಂಬ ನಮೂದು) ಬರೆಯುತ್ತಾ ಕೂತರೆ ಮುಗಿಯುವುದಿಲ್ಲ ಎನಿಸಿತು.

ಮೊದಲು ಎಂಡಿಅಡ್ಮ್ ಮಾನಿಟರ್ ನಂಬಿದೆ, ಹಲವು ಡಿಸ್ಕ್ ಸೇರಿಸಿ ಒಂದಾಗಿಸಿದ ಸಾಫ್ಟ್‌ವೇರ್ ರೇಡ್ ಗುಂಪನ್ನು (ಅರೇ) ಕಾಯುವ ಪ್ರೋಗ್ರಾಂ ಅದು. ಅದರ ಮೇಲ್ ಸರ್ವರಿನೊಳಗಿನ ರೂಟ್ ಮೇಲ್ ಡಬ್ಬಿಗೆ ಹೋಗುತ್ತದೆ, ಆ ಡಬ್ಬಿಯನ್ನು ಯಾರು ತೆಗೆಯುತ್ತಾರೆ? ಹಾಗಾಗಿ ಕಾನ್ಫಿಗ್‌ನಲ್ಲಿ ಪ್ರೋಗ್ರಾಂ ಸಾಲು ಹಾಕಿ ನನ್ನ ಸ್ಕ್ರಿಪ್ಟಿಗೆ ಕಟ್ಟಿದೆ. ಮೇಲ್ ಬರುವುದು ಡಿಸ್ಕ್ ಫೇಲ್, ಅರೇ ಡಿಗ್ರೇಡ್ ಥರದ ದೊಡ್ಡ ಸಂಗತಿಗಷ್ಟೇ. ಪ್ರೋಗ್ರಾಂ ಸಾಲಿಗೆ ಮಾತ್ರ ಎಲ್ಲ ಸಂಗತಿಯೂ ಬರುತ್ತದೆ. ಅದು ನನ್ನ ತಲೆಯಲ್ಲಿರಲಿಲ್ಲ. ತಿಂಗಳ ಮೊದಲ ಭಾನುವಾರ ರಾತ್ರಿ 12:57ಕ್ಕೆ ಫೋನ್ ಹೊಡೆದುಕೊಳ್ಳಲು ಶುರು. ಆರು ಸರ್ವರ್, ಆರರಲ್ಲೂ ‘ರೀಬಿಲ್ಡ್ ಶುರು’. ಎದೆ ಧಸಕ್ ಎಂದಿತು. ಬೈಕ್ ಹತ್ತಿ ಹರಿಹರದವರೆಗೆ ಹೋಗಿಬಂದೆ. ನನ್ನಲ್ಲಿದ್ದ ಡೆಬಿಯನ್ ಲಿನಕ್ಸ್ ತಿಂಗಳಿಗೊಮ್ಮೆ ಅರೇಗಳನ್ನು ತಾನೇ ಪರೀಕ್ಷಿಸುವ ಹೊತ್ತು ಅದು, ಅಷ್ಟೇ.

ಆಮೇಲೆ ಯುಡೆವ್ ಹಿಡಿದೆ, ಸಾಧನ ಬಂದದ್ದು ಹೋದದ್ದನ್ನು ಗಮನಿಸುವ ಲಿನಕ್ಸ್ ಭಾಗ ಅದು. ಬ್ಲಾಕ್ ಡಿವೈಸ್ (ಡಿಸ್ಕ್ ಥರದ ಸಾಧನ) ಬಂದರೆ, ಹೋದರೆ ಒಂದು ರೂಲ್, ರೂಲಿನ ರನ್ ಭಾಗದಲ್ಲಿ ಟೆಲಿಗ್ರಾಂಗೆ ಮೆಸೇಜ್ ಕಳಿಸುವ ಒಂದು ಕರ್ಲ್ ಕಮಾಂಡ್. ಟರ್ಮಿನಲ್‌ನಲ್ಲಿ ಕೈಯಿಂದ ಓಡಿಸಿದರೆ ಮೆಸೇಜ್ ಬರುತ್ತದೆ. ಡಿಸ್ಕ್ ಚುಚ್ಚಿದರೆ ಬರುವುದಿಲ್ಲ. ಎರಡು ಸಂಜೆ ತಲೆ ಕೆಟ್ಟುಹೋಯಿತು. ಹೊಸ ಸಿಸ್ಟಂಡಿಯಲ್ಲಿ (ಲಿನಕ್ಸಿನ ಸರ್ವಿಸ್‌ಗಳನ್ನು ನಡೆಸುವ ಪ್ರೋಗ್ರಾಂ) ಯುಡೆವ್ ಸರ್ವಿಸಿಗೆ ನೆಟ್‌ವರ್ಕೇ ಬಂದ್, ಸರ್ವಿಸ್ ಫೈಲ್ ತೆಗೆದು ಓದಿದಾಗ ಸಿಕ್ಕಿತು. ಅಲ್ಲದೆ ರನ್‌ನಲ್ಲಿ ಹೆಚ್ಚು ಹೊತ್ತು ಓಡುವುದನ್ನು ಅದು ಕೊಲ್ಲುತ್ತದೆ. ಅಲ್ಲಿಂದ ಕೆಲಸ ಮಾಡಿಸಬಾರದು. ರೂಲ್ ಬೇರೆ ಸರ್ವಿಸನ್ನು ಎಬ್ಬಿಸಬೇಕಷ್ಟೇ, ಮೆಸೇಜ್ ಕಳಿಸುವುದು ಆ ಸರ್ವಿಸಿನ ಕೆಲಸ.

ಆಮೇಲೆ ಮೆಸೇಜ್ ಬಂತು. ಪ್ರವಾಹದ ಹಾಗೆ ಬಂತು. ಡಿಸ್ಕಿಗೊಂದು, ಪಾರ್ಟಿಶನ್‌ಗೊಂದು, ಎಲ್‌ವಿಎಂ (ವಾಲ್ಯೂಮ್ ಮಾಡುವ, ಹಿಗ್ಗಿಸುವ ವ್ಯವಸ್ಥೆ) ಪದರಕ್ಕೊಂದು. ಯಾವುದಾದರೂ ಪ್ರೋಗ್ರಾಂ ಡಿಸ್ಕನ್ನು ಬರೆಯಲು ತೆರೆದು ಮುಚ್ಚಿದರೂ ಒಂದು ‘ಚೇಂಜ್’ ಹುಟ್ಟುತ್ತದೆ. ಡಿಸ್ಕ್ ಫಾರ್ಮ್ಯಾಟ್ ಮಾಡುವ ಒಂದು ಎಂಕೆಎಫ್‌ಎಸ್‌ಗೆ ಏಳು ಮೆಸೇಜ್. ಪ್ರೆಸ್ಸಿನ ಮಾಲೀಕರು ದಿನಾ ಪೆನ್‌ಡ್ರೈವ್ ಹಾಕಿ ತೆಗೆಯುವವರು. ಮೂರನೇ ದಿನಕ್ಕೆ ನಾನೇ ಮ್ಯೂಟ್ ಮಾಡಿದೆ. ಮ್ಯೂಟ್ ಮಾಡಿದ ಎಚ್ಚರಿಕೆ ಇದ್ದರೆಷ್ಟು, ಬಿಟ್ಟರೆಷ್ಟು.

ದಾರಿ ಸಿಕ್ಕಿದ್ದು ಇಲ್ಲಿ. ಈವೆಂಟನ್ನು ಸುದ್ದಿ ಎಂದು ತಿಳಿಯುವುದನ್ನು ಬಿಟ್ಟೆ. ಅದು ಬಾಗಿಲ ಬೆಲ್ ಮಾತ್ರ. ಬೆಲ್ ಆದ ಮೇಲೆ ಸ್ವಲ್ಪ ಹೊತ್ತು ಕಾಯುತ್ತೇನೆ, ಗದ್ದಲ ಅಡಗಲಿ ಅಂತ. ಆಮೇಲೆ ಸರ್ವರಿನ ಇಡೀ ಡಿಸ್ಕ್ ಸಂಸಾರದ ಒಂದು ಫೋಟೋ, ಅಂದರೆ ಡಿಸ್ಕ್, ವಾಲ್ಯೂಮ್, ಅರೇ, ಮೌಂಟ್‌ಗಳ ಪಟ್ಟಿ: ಎಲ್‌ಎಸ್‌ಬಿಎಲ್‌ಕೆ, ವಿಜಿಎಸ್, ಎಲ್‌ವಿಎಸ್, ಎಂಡಿಸ್ಟ್ಯಾಟ್, ಫೈಂಡ್‌ಎಂಎನ್‌ಟಿ, ಎಫ್‌ಸ್ಟ್ಯಾಬ್. ನಾನು ‘ಇದು ಸರಿ’ ಎಂದು ಒಪ್ಪಿಟ್ಟ ಹಿಂದಿನ ಫೋಟೋ ಜೊತೆ ಡಿಫ್, ಅಂದರೆ ಸಾಲುಸಾಲಾಗಿ ಹೋಲಿಕೆ. ವ್ಯತ್ಯಾಸ ಇದ್ದರೆ ಆ ಸಾಲುಗಳಷ್ಟೇ ಫೋನಿಗೆ. ಇಲ್ಲದಿದ್ದರೆ ಮೌನ. ಕಾಯುವ ಹೊತ್ತಿನಲ್ಲೇ ಪೆನ್‌ಡ್ರೈವ್ ಬಂದು ಹೋದರೆ ಕೊನೆಗೆ ವ್ಯತ್ಯಾಸ ಇಲ್ಲ, ಮೆಸೇಜೂ ಇಲ್ಲ. ದಿನಕ್ಕೆ ನಲವತ್ತು ಬರುತ್ತಿದ್ದದ್ದು ವಾರಕ್ಕೆ ಒಂದೋ ಎರಡೋ ಆಯಿತು. ಎಷ್ಟು ಸೆಕೆಂಡ್ ಕಾಯಬೇಕು, ನಾನೇ ಕೆಲಸ ಮಾಡುವಾಗ ಅದು ನನ್ನನ್ನು ಹೇಗೆ ಗುರುತು ಹಿಡಿಯುತ್ತದೆ, ಇವೆರಡನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದು ನನ್ನ ಅನ್ನದ ದಾರಿ.

ಫೋಟೋದಲ್ಲಿ ಎಸ್‌ಡಿಎ, ಎಸ್‌ಡಿಬಿ ಹೆಸರು ಇಡಬೇಡಿ. ರೀಬೂಟ್ ಆದಾಗ ಹೆಸರು ಬದಲಾಗಿ ಸುಳ್ಳು ವ್ಯತ್ಯಾಸ ಹುಟ್ಟಬಹುದು. ಸೀರಿಯಲ್ ನಂಬರ್, ಯುಯುಐಡಿ ಮೇಲೆ ಜೋಡಿಸಿ. ಬೂಟ್ ಆದ ಮೇಲೆ ಒಂದು ಸಲ, ರಾತ್ರಿ ಒಂದು ಸಲ ಬೆಲ್ ಇಲ್ಲದೆಯೂ ಹೋಲಿಸಿ. ಸರ್ವರ್ ಆಫ್ ಇದ್ದಾಗ ಯಾರಾದರೂ ಡಿಸ್ಕ್ ಬದಲಿಸಿದರೆ ಬೆಲ್ ಹೊಡೆಯುವವರೇ ಇರುವುದಿಲ್ಲ. ಹಾರ್ಡ್‌ವೇರ್ ರೇಡ್ ಕಾರ್ಡಿನ ಹಿಂದಿರುವ ಡಿಸ್ಕ್‌ಗಳು ಯುಡೆವ್‌ಗೆ ಕಾಣುವುದಿಲ್ಲ. ನನ್ನ ಎರಡು ಸರ್ವರಿನಲ್ಲಿ ಕಾರ್ಡಿದೆ, ಅಲ್ಲಿ ಸ್ಟೋರ್‌ಸಿಎಲ್‌ಐ ಎಂಬ ಕಾರ್ಡಿನ ಕಮಾಂಡನ್ನು ಕೇಳಿ ಫೋಟೋಗೆ ಸೇರಿಸುತ್ತೇನೆ.

ನನಗೆ ತುಂಬಾ ಖುಷಿ ಕೊಟ್ಟದ್ದು ಎಲ್‌ವಿಎಂನ ಆರ್ಕೈವ್ ಫೋಲ್ಡರ್. ಇಟಿಸಿ ಒಳಗೆ ಎಲ್‌ವಿಎಂ, ಅದರೊಳಗೆ ಆರ್ಕೈವ್. ವಾಲ್ಯೂಮ್ ಗ್ರೂಪ್ (ವಾಲ್ಯೂಮ್‌ಗಳಿಗೆ ಜಾಗ ಕೊಡುವ ಡಿಸ್ಕ್ ಗುಂಪು) ಬದಲಿಸುವ ಮುಂಚೆ ಎಲ್‌ವಿಎಂ ಹಳೇ ಸ್ಥಿತಿಯನ್ನು ಅಲ್ಲಿ ಒಂದು ಫೈಲಾಗಿ ಇಡುತ್ತದೆ. ಫೈಲಿನ ತಲೆಯಲ್ಲೇ ಯಾವ ಕಮಾಂಡಿಗೆ ಮುಂಚೆ ಇದು ಆಯಿತು ಎಂಬ ಸಾಲಿರುತ್ತದೆ, ಯಾರೋ ಟೈಪ್ ಮಾಡಿದ ಕಮಾಂಡ್ ಅಕ್ಷರಕ್ಕೆ ಅಕ್ಷರ. ಫೈಲ್ ಬದಲಾವಣೆ ತಿಳಿಸುವ ಐನೋಟಿಫೈನಿಂದ ಆ ಫೋಲ್ಡರ್ ಕಾದರೆ ಏನಾಯಿತು ಎಂಬುದು ಊಹೆ ಅಲ್ಲ, ಕಮಾಂಡೇ ಕೈಗೆ ಬರುತ್ತದೆ. ಒಂದು ಎಚ್ಚರ: ಅದು ಬೇರೆ ಹೆಸರಿನಲ್ಲಿ ಬರೆದು ಆಮೇಲೆ ಹೆಸರು ಬದಲಿಸುತ್ತದೆ. ಕ್ಲೋಸ್ ರೈಟ್ (ಬರೆದು ಮುಚ್ಚಿದ ಸುದ್ದಿ) ಮಾತ್ರ ಕಾದರೆ ಆ ತಾತ್ಕಾಲಿಕ ಫೈಲೇ ಸಿಗುತ್ತದೆ, ಓದಲು ಹೋಗುವಷ್ಟರಲ್ಲಿ ಮಾಯ. ಕೊನೆಯ ಹೆಸರಿನ ಫೈಲು ಕಾಣಿಸಿಕೊಳ್ಳುವುದನ್ನು ಕಾಯಬೇಕು.

ನಡುವೆ ಕೆಲವು ಪ್ರಯೋಗ ಮಾಡಿದೆ. ಎಸ್ಸೆಮ್ಮೆಸ್ ಕಳಿಸೋಣ ಎಂದರೆ ಅದಕ್ಕೆ ಕಡ್ಡಾಯವಾದ ಡಿಎಲ್‌ಟಿ ನೋಂದಣಿ, ಟೆಂಪ್ಲೇಟ್ ಒಪ್ಪಿಗೆ, ಐದಾರು ಸಾವಿರ ಖರ್ಚು. ಟೆಲಿಗ್ರಾಂ ಬಾಟ್ ಬಿಟ್ಟಿ. ಸಂಘದಲ್ಲಿ ಮ್ಯಾನೇಜರ್ ಫೋನ್ ನೋಡುವುದು ಕಡಿಮೆ, ಕಾಗದವಾದರೆ ಓದುತ್ತಾರೆ ಅಂತ ಎಚ್ಚರಿಕೆಯನ್ನು ಕೌಂಟರಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಕಳಿಸಿದೆ. ಎರಡು ವಾರ ಚೆನ್ನಾಗಿತ್ತು. ಒಂದು ದಿನ ಆ ಸಾಲು ಸದಸ್ಯರೊಬ್ಬರ ಪಾಸ್‌ಬುಕ್ ಮೇಲೆ ಅಚ್ಚಾಯಿತು, ಠೇವಣಿ ಮೊತ್ತದ ಕೆಳಗೇ. ಅವತ್ತೇ ತೆಗೆದೆ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್‌ನ 199 ನಂಬರಿನ ಸಾಲು, ಅಂದರೆ ಸಿಆರ್‌ಸಿ ಎರರ್ (ಕೇಬಲ್ ದಾರಿಯಲ್ಲಿ ದತ್ತಾಂಶ ಕೆಟ್ಟದ್ದು) ಎಣಿಕೆ, ಅದನ್ನೂ ಫೋಟೋಗೆ ಸೇರಿಸಿದ್ದು ಮಾತ್ರ ಲಾಭ ತಂದಿತು. ಗೋದಾಮಿನ ಸರ್ವರಿನಲ್ಲಿ ಅದು ದಿನಾ ಏರುತ್ತಿತ್ತು. ಹೊಸ ಡಿಸ್ಕಿಗೆ ಒಂಬತ್ತೂವರೆ ಸಾವಿರ ಎಂದು ಎಸ್ಟಿಮೇಟ್ ಆಗಿತ್ತು. 120 ರೂಪಾಯಿಯ ಸಾಟಾ ಕೇಬಲ್ ಬದಲಿಸಿದೆ, ಏರುವುದು ನಿಂತಿತು.

ಇನ್ನು ಸಂಘದ ಮಾರ್ಚ್ ಕತೆ. ಅಕೌಂಟ್ಸ್ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಹೊರಗಿನ ಎಂಜಿನಿಯರ್ ಒಬ್ಬರು ಬಂದಿದ್ದರು. ಜಾಗ ಸಾಲದು ಎನಿಸಿ ವಾಲ್ಯೂಮ್ ಪಟ್ಟಿ ಕೊಡುವ ಎಲ್‌ವಿಎಸ್ ನೋಡಿದ್ದಾರೆ. ಅಲ್ಲಿ 200 ಜಿಬಿಯ ‘ಹಳೆಲೆಕ್ಕ’ ಎಂಬ ವಾಲ್ಯೂಮ್, ಎಲ್ಲೂ ಮೌಂಟ್ ಆಗಿಲ್ಲ. ಅದನ್ನು ನಾವು ಮೌಂಟ್ ಮಾಡುವುದು ಆಡಿಟ್ ಸಮಯಕ್ಕೆ ಮಾತ್ರ. ನಾನು ಊಟಕ್ಕೆ ಕೂತಿದ್ದೆ. ಫೋನ್ ನೋಡಿದರೆ ಎಲ್‌ವಿರಿಮೂವ್, ಅಂದರೆ ವಾಲ್ಯೂಮ್ ಅಳಿಸುವ ಕಮಾಂಡ್, ಪಕ್ಕದಲ್ಲಿ ‘ಹಳೆಲೆಕ್ಕ’. ಎಡಗೈಯಲ್ಲೇ ಡಯಲ್ ಮಾಡಿದೆ.

‘ಸರ್, ಕೀಬೋರ್ಡ್ ಮುಟ್ಟಬೇಡಿ. ಹೊಸ ವಾಲ್ಯೂಮ್ ಮಾಡಿದ್ರಾ?’

‘ಇಲ್ಲ ಸರ್, ಖಾಲಿ ಇದ್ದಂಗಿತ್ತು, ತೆಗೆದೆ. ಈಗ ಇನ್ನೊಂದನ್ನ ಹಿಗ್ಗಿಸಬೇಕು ಅಂತಿದ್ದೆ. ನಿಮಗೆ ಹೇಗೆ ಗೊತ್ತಾಯ್ತು?’

‘ಆಮೇಲೆ ಹೇಳ್ತೀನಿ. ಕುರ್ಚಿ ಬಿಟ್ಟು ಏಳಿ, ಸಾಕು.’

ಹಿಗ್ಗಿಸಿದ್ದರೆ ಆ ಜಾಗದ ಮೇಲೆ ಹೊಸದು ಕೂತು ಎಂಟು ವರ್ಷದ ಲೆಕ್ಕ ಹೋಗುತ್ತಿತ್ತು. ಕೈ ತೊಳೆದು ಲಾಗಿನ್ ಆದೆ. ಅದೇ ಆರ್ಕೈವ್ ಫೈಲ್ ಇಟ್ಟುಕೊಂಡು ಹಳೇ ಸ್ಥಿತಿಗೆ ತರುವ ವಿಜಿಸಿಎಫ್‌ಜಿ ರಿಸ್ಟೋರ್, ಮೊದಲು ಟೆಸ್ಟ್ ಹಾಕಿ, ಆಮೇಲೆ ನಿಜಕ್ಕೆ. ವಾಲ್ಯೂಮ್ ಆ್ಯಕ್ಟಿವ್ ಮಾಡಿ, ಓದಲಿಕ್ಕೆ ಮಾತ್ರ ಬಿಟ್ಟು, ಒಳಗಿನದು ಸರಿಯಿದೆಯೇ ಎಂದು ಪರೀಕ್ಷಿಸುವ ಎಫ್‌ಎಸ್‌ಸಿಕೆ ಓಡಿಸಿದೆ. ಒಂದು ತಪ್ಪೂ ಹೇಳಲಿಲ್ಲ. ತಿರುಗುವ ಡಿಸ್ಕ್, ಎಲ್‌ವಿಎಂನಲ್ಲಿ ಇಶ್ಯೂ ಡಿಸ್ಕಾರ್ಡ್ಸ್ (ಅಳಿಸಿದ ಜಾಗ ಇನ್ನು ಬೇಡ ಎಂದು ಡಿಸ್ಕಿಗೆ ಹೇಳುವ ಸೆಟ್ಟಿಂಗ್) ಆಫ್ ಇತ್ತು, ಹಾಗಾಗಿ ಒಳಗಿನ ದತ್ತಾಂಶಕ್ಕೆ ಏನೂ ಆಗಿರಲಿಲ್ಲ. ಎಸ್‌ಎಸ್‌ಡಿ ಇದ್ದು ಅದು ಆನ್ ಆಗಿದ್ದರೆ ಈ ಮಾತು ಹೇಳಲು ಆಗುತ್ತಿರಲಿಲ್ಲ. ಮೆಸೇಜ್ ಬಂದದ್ದು 12:52ಕ್ಕೆ, ಎಲ್ಲ ಮುಗಿದದ್ದು 1:20ರ ಹೊತ್ತಿಗೆ.

ಸಂಘದವರು ಏಪ್ರಿಲ್‌ನಿಂದ ಎಎಂಸಿಯನ್ನು ತಿಂಗಳಿಗೆ ಎರಡು ಸಾವಿರದ ಇನ್ನೂರು ಮಾಡಿದರು. ನಾನು ಕೇಳಿರಲಿಲ್ಲ. ಆ ಎಂಜಿನಿಯರ್ ಈಗ ಯಾವ ಸರ್ವರ್ ಮುಟ್ಟುವ ಮುಂಚೆಯೂ ಒಂದು ಫೋನ್ ಮಾಡುತ್ತಾರೆ. ಹೋದ ವಾರ ಅವರ ಮೂರು ಸರ್ವರಿಗೂ ಇದನ್ನೇ ಹಾಕಿಕೊಟ್ಟೆ.