ನಾಯಿಯ ಅಲರ್ಜಿ ತುರಿಕೆಗೆ ಒಕ್ಲಾಸಿಟಿನಿಬ್ ಮಾತ್ರೆ: ಕೊಡುವ ಮುನ್ನ, ಕೊಡುವಾಗ, ಕೊಟ್ಟ ಮೇಲೆ

ರಾತ್ರಿಯೆಲ್ಲ ಕಾಲು ನೆಕ್ಕುತ್ತ, ಕಿವಿ ಕೆರೆಯುತ್ತ ಒದ್ದಾಡಿದ ನಾಯಿಗೆ ಒಕ್ಲಾಸಿಟಿನಿಬ್ ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಕೆರೆತ ತಗ್ಗಿ ಅದು ನೆಮ್ಮದಿಯಾಗಿ ನಿದ್ದೆ ಮಾಡುತ್ತದೆ. 2013ರಲ್ಲಿ ಅಪೊಕ್ವೆಲ್ ಎಂಬ ಹೆಸರಿನಲ್ಲಿ ಬಂದ ಈ ಮಾತ್ರೆಯನ್ನು ಜನ ನಂಬುವುದು ಇದಕ್ಕೇ, ತಪ್ಪಾಗಿ ಬಳಸುವುದೂ ಇದಕ್ಕೇ. ಅಲರ್ಜಿಯಾದಾಗ ದೇಹದಲ್ಲಿ ಹುಟ್ಟುವ ಐಎಲ್-31 ಎಂಬ ಪ್ರೋಟೀನು ನರಗಳಿಗೆ ತುರಿಕೆಯ ಸುದ್ದಿ ಮುಟ್ಟಿಸುತ್ತದೆ. ಆ ಸುದ್ದಿ ಸಾಗಲು ಜಾಕ್-1 ಎಂಬ ಕಿಣ್ವ ಬೇಕು. ಮಾತ್ರೆ ಆ ಕಿಣ್ವವನ್ನು ತಡೆಯುತ್ತದೆ, ಅಷ್ಟೆ. ಮೈಮೇಲೆ ಚಿಗಟ ಇದ್ದರೆ, ಕಜ್ಜಿಹುಳು ಇದ್ದರೆ, ಕೀವು ಇದ್ದರೆ ಅವೆಲ್ಲ ಅಲ್ಲೇ ಉಳಿಯುತ್ತವೆ. ಕೆರೆತ ನಿಂತಿದ್ದರಿಂದ ನಮಗೆ ಕಾಣುವುದಿಲ್ಲ.

ಹಾಗಾಗಿ ಮೊದಲು ಚರ್ಮ ನೋಡಿ. ಬಾಲದ ಬುಡದಲ್ಲಿ ಹಲ್ಲು ಒತ್ತಾಗಿರುವ ಬಾಚಣಿಗೆ ಆಡಿಸಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಹಾಕಿ. ಪುಡಿಯ ಸುತ್ತ ತುಕ್ಕಿನಂಥ ಕೆಂಪು ಬಣ್ಣ ಹರಡಿದರೆ ಅದು ಮಣ್ಣಲ್ಲ, ರಕ್ತ ಕುಡಿದ ಚಿಗಟದ ಹಿಕ್ಕೆ. ಒಂದೂ ಚಿಗಟ ಕಣ್ಣಿಗೆ ಬೀಳದಿದ್ದರೂ ಇದು ಸಾಕು, ಚಿಗಟದ ಮದ್ದು ಮೊದಲು ಆಗಬೇಕು. ಆಮೇಲೆ ಕಿವಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮಡಚಿ ಉಜ್ಜಿ. ಹಿಂಗಾಲು ತಾನಾಗಿ ಕೆರೆಯುವಂತೆ ಆಡಿದರೆ ಕಜ್ಜಿಹುಳುವಿನ ಅನುಮಾನ ಬಲವಾಗುತ್ತದೆ. ಬೆರಳ ಸಂದಿಯ ಬಿಳಿ ಕೂದಲು ಕಂದುಗೆಂಪಾಗಿದ್ದರೆ ಅದು ನೆಕ್ಕಿ ನೆಕ್ಕಿ ಹತ್ತಿದ ಎಂಜಲಿನ ಬಣ್ಣ. ಅಲ್ಲಿಂದ ಕಮಟು ವಾಸನೆ ಬರುತ್ತಿದ್ದು, ಚರ್ಮ ಜಿಡ್ಡಾಗಿದ್ದರೆ ಯೀಸ್ಟ್ ಸೋಂಕು ಇರುವ ಸಾಧ್ಯತೆ ಹೆಚ್ಚು. ಪಶುವೈದ್ಯರು ಆ ಜಾಗಕ್ಕೆ ಅಂಟುಟೇಪು ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ. ಹತ್ತು ನಿಮಿಷದ ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಮಾತ್ರೆಗೆ ಬಗ್ಗದ ತುರಿಕೆಯ ಹಿಂದೆ ಬಹಳ ಸಲ ಇರುವುದು ಈ ಸೋಂಕೇ.

ಪ್ರಮಾಣ ತೂಕದ ಮೇಲೆ ನಿಲ್ಲುತ್ತದೆ: ಒಂದು ಕಿಲೋ ತೂಕಕ್ಕೆ 0.4ರಿಂದ 0.6 ಮಿ.ಗ್ರಾಂ. ಅಂದಾಜಿನ ತೂಕ ಬೇಡ. ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು, ವ್ಯತ್ಯಾಸ ತೆಗೆಯಿರಿ. ಮಾತ್ರೆ 3.6, 5.4 ಮತ್ತು 16 ಮಿ.ಗ್ರಾಂ ಹೀಗೆ ಮೂರು ಬಲದಲ್ಲಿ ಸಿಗುತ್ತದೆ. 6ರಿಂದ 8.9 ಕಿಲೋ ನಾಯಿಗೆ 3.6ರದು ಒಂದು, 9ರಿಂದ 13.4 ಕಿಲೋಗೆ 5.4ರದು ಒಂದು, 13.5ರಿಂದ 19.9 ಕಿಲೋಗೆ 16ರದು ಅರ್ಧ, 20ರಿಂದ 26.9 ಕಿಲೋಗೆ 5.4ರದು ಎರಡು, 27ರಿಂದ 39.9 ಕಿಲೋಗೆ 16ರದು ಒಂದು. ಇದು ಒಂದು ಹೊತ್ತಿನ ಲೆಕ್ಕ. ನಡುವಿನ ಗೆರೆಯ ಮೇಲೆ ಮುರಿದು ಅರ್ಧ ಮಾಡಬಹುದು, ಕಾಲು ಭಾಗ ಮಾಡಬೇಡಿ, ತುಂಡುಗಳು ಸಮ ಬರುವುದಿಲ್ಲ. ಊಟದ ಜೊತೆ ಕೊಟ್ಟರೂ ಸರಿ, ಬರಿ ಹೊಟ್ಟೆಗೂ ಸರಿ. ವಾಂತಿ ಮಾಡುವ ನಾಯಿಗೆ ಊಟದ ಜೊತೆ ಕೊಟ್ಟು ನೋಡಿ.

ಮೊದಲು ದಿನಕ್ಕೆ ಎರಡು ಹೊತ್ತು, ಹೆಚ್ಚೆಂದರೆ 14 ದಿನ. ಆಮೇಲೆ ದಿನಕ್ಕೆ ಒಂದೇ ಹೊತ್ತು. ಎಡವುವುದು ಇಲ್ಲೇ. ಹದಿನೈದನೇ ದಿನ ಒಂದು ಹೊತ್ತು ಕಡಿಮೆಯಾದ ಕೂಡಲೇ ಕೆಲವು ನಾಯಿಗಳಲ್ಲಿ ತುರಿಕೆ ಮರಳುತ್ತದೆ. ಮಾತ್ರೆ ಕೆಲಸ ಬಿಟ್ಟಿತು ಎಂದುಕೊಂಡು ಮತ್ತೆ ಎರಡು ಹೊತ್ತಿಗೆ ಹೋಗಬೇಡಿ. ದೀರ್ಘಕಾಲ ಹಾಗೆ ಕೊಟ್ಟರೆ ರೋಗನಿರೋಧಕ ಶಕ್ತಿ ಬೇಡದಷ್ಟು ಕುಗ್ಗುತ್ತದೆ. ಇದನ್ನು ಎದುರಿಸಲು ಮೊದಲ ದಿನದಿಂದಲೇ ದಿನಕ್ಕೊಮ್ಮೆ ತುರಿಕೆಗೆ 0ಯಿಂದ 10ರೊಳಗೆ ಅಂಕ ಬರೆದಿಡಿ: ಕೆರೆತವೇ ಇಲ್ಲದಿದ್ದರೆ 0, ಊಟ ನಿದ್ದೆ ಬಿಟ್ಟು ಕೆರೆಯುತ್ತಿದ್ದರೆ 10. ಅಂಕ 2ರಿಂದ 4ಕ್ಕೆ ಏರಿ ಕೆಲವು ದಿನದಲ್ಲಿ ಇಳಿದರೆ ಕಾಯಬಹುದು. 7ಕ್ಕೆ ಹೋಗಿ ಅಲ್ಲೇ ನಿಂತರೆ ಚರ್ಮವನ್ನು ಮತ್ತೆ ತೋರಿಸಿ.

ಒಂದು ಹೊತ್ತು ಮರೆತರೆ ನೆನಪಾದಾಗ ಕೊಡಿ. ಮುಂದಿನ ಹೊತ್ತು ಹತ್ತಿರವಿದ್ದರೆ ಬಿಟ್ಟುಬಿಡಿ, ಎರಡು ಸೇರಿಸಬೇಡಿ.

12 ತಿಂಗಳು ತುಂಬದ ಮರಿಗೆ, ಗಬ್ಬವಾದ ಅಥವಾ ಹಾಲೂಡಿಸುವ ನಾಯಿಗೆ, ಗಂಭೀರ ಸೋಂಕಿರುವ ನಾಯಿಗೆ ಇದು ಸಲ್ಲದು. ಗೆಡ್ಡೆ ಅಥವಾ ಕ್ಯಾನ್ಸರ್ ಆಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಕೊಡುತ್ತಿರುವಾಗ ವಾಂತಿ, ಭೇದಿ, ಮಂಕು, ಹೊಸ ಗಂಟು, ಮತ್ತೆ ಮತ್ತೆ ಬರುವ ಕಿವಿ ಅಥವಾ ಮೂತ್ರದ ಸೋಂಕು ಇವುಗಳ ಮೇಲೆ ಕಣ್ಣಿರಲಿ. ತಿಂಗಳುಗಟ್ಟಲೆ ಕೊಡುವುದಾದರೆ ಆಗಾಗ ರಕ್ತಪರೀಕ್ಷೆ ಬೇಕೇ ಬೇಕು. ಜಗಿದು ತಿನ್ನುವ ರುಚಿಯ ಮಾತ್ರೆಯಾದರೆ ಡಬ್ಬಿಯನ್ನು ಬೀಗದೊಳಗಿಡಿ. ನಾಯಿ ಅದನ್ನು ತಿಂಡಿಯೆಂದೇ ತಿಳಿಯುತ್ತದೆ.

ಬೇರೆ ಮದ್ದುಗಳೂ ಇವೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಕಿಲೋಗೆ ದಿನಕ್ಕೆ 0.5ರಿಂದ 1 ಮಿ.ಗ್ರಾಂ, ಕೆಂಪಾಗಿ ಬಾತ ಚರ್ಮಕ್ಕೆ ಬೇಗ ಹಿಡಿಯುತ್ತದೆ. ನಾಯಿ ಕೊಡಗಟ್ಟಲೆ ನೀರು ಕುಡಿದು, ಉಚ್ಚೆ ಹೊಯ್ದು, ಹಸಿವಿನಿಂದ ಕಾಡುವುದು ಅದರ ಗುಣ. ವಾರಗಟ್ಟಲೆ ಕೊಟ್ಟು ಥಟ್ಟನೆ ನಿಲ್ಲಿಸಬಾರದು. ಕಾರ್ಪ್ರೊಫೆನ್, ಮೆಲೊಕ್ಸಿಕಾಮ್ ಥರದ ನೋವಿನ ಮದ್ದಿನೊಂದಿಗೆ ಸೇರಿಸಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೊಸ್ಪೊರಿನ್ ಕಿಲೋಗೆ ದಿನಕ್ಕೆ 5 ಮಿ.ಗ್ರಾಂ, ಆದರೆ ಫಲ ಕಾಣಲು 4ರಿಂದ 6 ವಾರ ಬೇಕು. ಲೊಕಿವೆಟ್ಮ್ಯಾಬ್ ಚುಚ್ಚುಮದ್ದು ಐಎಲ್-31 ಅನ್ನೇ ಹಿಡಿದುಹಾಕುತ್ತದೆ, 4ರಿಂದ 8 ವಾರ ತಡೆಯುತ್ತದೆ. ಮಾತ್ರೆ ನುಂಗದ ನಾಯಿಗೆ, 12 ತಿಂಗಳಾಗದ ಮರಿಗೆ ಇದೇ ಒಳ್ಳೆಯ ದಾರಿ. ಸೆಟಿರಿಜಿನ್‌ನಂಥ ಅಲರ್ಜಿ ಮಾತ್ರೆಗಳಿಂದ ನಾಯಿಗಳಲ್ಲಿ ಹೆಚ್ಚೇನೂ ಆಗುವುದಿಲ್ಲ. ಮನೆಯಲ್ಲಿರುವ ನೆಗಡಿ ಮಾತ್ರೆಯಲ್ಲಿ ಸ್ಯೂಡೊಎಫೆಡ್ರಿನ್ ಸೇರಿದ್ದರೆ ಜೀವಕ್ಕೇ ಅಪಾಯ. ನೋವಿಗೆ ನಾವು ಹಚ್ಚುವ ಡೈಕ್ಲೊಫೆನಾಕ್ ಜೆಲ್, ಸೋರಿಯಾಸಿಸ್‌ಗೆ ಹಚ್ಚುವ ಕ್ಯಾಲ್ಸಿಪೊಟ್ರಿಯಾಲ್ ಮುಲಾಮು ಇವುಗಳನ್ನೂ ನಾಯಿಯ ಮೈಗೆ ಹಚ್ಚಬೇಡಿ. ಹಚ್ಚಿದ್ದನ್ನು ಅದು ನೆಕ್ಕಿಯೇ ನೆಕ್ಕುತ್ತದೆ.

ಸೋಂಕು ಸೇರಿದ್ದರೆ ಕ್ಲೋರ್‌ಹೆಕ್ಸಿಡಿನ್ ಶಾಂಪೂವಿನ ಸ್ನಾನ ವಾರಕ್ಕೆರಡು ಸಲ. ನೊರೆ ಮೈಮೇಲೆ ಗಡಿಯಾರ ನೋಡಿ ಹತ್ತು ನಿಮಿಷ ನಿಲ್ಲಲಿ, ಕೂಡಲೇ ತೊಳೆದರೆ ಮದ್ದು ಕೆಲಸ ಮಾಡುವ ಮೊದಲೇ ಹೋಗುತ್ತದೆ.

ಆಹಾರದ ಅಲರ್ಜಿಯ ಅನುಮಾನವಿದ್ದು, ಹಳೆಯ ಊಟ ಬಿಟ್ಟು ಹೊಸ ಊಟವನ್ನಷ್ಟೇ ಕೊಟ್ಟು ನೋಡುವ 8 ವಾರದ ಆಹಾರ ಪರೀಕ್ಷೆ ನಡೆಸುವಾಗ ಮೊದಮೊದಲು ಮಾತ್ರೆ ಕೊಡಬಹುದು. ಕೊನೆಯ ಎರಡು ವಾರವಾದರೂ ಮಾತ್ರೆ ಇಲ್ಲದೆ ಹೋಗಬೇಕು. ಇಲ್ಲದಿದ್ದರೆ ತುರಿಕೆ ತಗ್ಗಿದ್ದು ಹೊಸ ಊಟದಿಂದಲೋ ಮಾತ್ರೆಯಿಂದಲೋ ತಿಳಿಯದೆ ಎಂಟು ವಾರದ ಕಷ್ಟ ನೀರಿನಲ್ಲಿ ಹೋಮವಾಗುತ್ತದೆ.