ಹೈಬ್ರಿಡ್ ಕಾರು ಬುಕ್ ಮಾಡುವ ಮುನ್ನ ಒಂದು ಹಾಳೆ ಲೆಕ್ಕ

ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರ್ ಕೂಡ ಇರುವ, ಶೋರೂಂ ಬೆಲೆ 17 ಲಕ್ಷ ರೂಪಾಯಿಯ ಹೈಬ್ರಿಡ್ ಕಾರನ್ನು ತುಮಕೂರಿನಲ್ಲಿ ಕೊಂಡು ಕೆಎ–06 ಸಂಖ್ಯೆ ಹಾಕಿಸಿದರೆ ಸರ್ಕಾರಕ್ಕೆ ಹೋಗುವ ಹಣವೆಷ್ಟು? ಬೆಲೆಯೊಳಗೇ ಅಡಗಿರುವ ಜಿಎಸ್‌ಟಿ ಸುಮಾರು 4.86 ಲಕ್ಷ. ಅದರ ಮೇಲೆ ರಾಜ್ಯದ ಜೀವಿತಾವಧಿ ತೆರಿಗೆ ಸುಮಾರು 3.21 ಲಕ್ಷ. ಎರಡೂ ಸೇರಿ ಎಂಟು ಲಕ್ಷ ದಾಟಿತು. ‘ಹೈಬ್ರಿಡ್‌ಗೆ ಸರ್ಕಾರದ ಪ್ರೋತ್ಸಾಹ ಇದೆಯಂತೆ’ ಎಂದು ಶೋರೂಂ ಮೆಟ್ಟಿಲು ಹತ್ತುವವರು ಈ ಎರಡು ಅಂಕಿಗಳನ್ನು ಮೊದಲು ಬರೆದುಕೊಳ್ಳಬೇಕು. ಪ್ರೋತ್ಸಾಹ ಇಲ್ಲವೇ ಇಲ್ಲ ಎಂದಲ್ಲ. ಅದು ಚೂರುಪಾರು, ಹುಡುಕಿ ತೆಗೆಯಬೇಕು. ಉಳಿದ ಲಾಭ ನೀವು ಯಾವ ರಸ್ತೆಯಲ್ಲಿ, ಎಷ್ಟು ಓಡಿಸುತ್ತೀರಿ ಎಂಬುದರ ಮೇಲೆ ನಿಂತಿದೆ.

ಮೊದಲು: ಯಾವ ಹೈಬ್ರಿಡ್?

ಕಾರಿನ ಹಿಂದೆ ‘ಹೈಬ್ರಿಡ್’ ಎಂಬ ಬಿಲ್ಲೆ ಇದ್ದ ಮಾತ್ರಕ್ಕೆ ನಂಬಬೇಡಿ. ಮೈಲ್ಡ್ ಹೈಬ್ರಿಡ್‌ನಲ್ಲಿ ಪುಟ್ಟ ಮೋಟರ್ ಎಂಜಿನ್‌ಗೆ ಕೈಜೋಡಿಸುತ್ತದೆ ಅಷ್ಟೇ, ಕಾರನ್ನು ತಾನೊಂದೇ ಎಳೆಯಲಾರದು. ಸ್ಟ್ರಾಂಗ್ ಹೈಬ್ರಿಡ್ ಎಂಜಿನ್ ನಿಲ್ಲಿಸಿ ಬ್ಯಾಟರಿಯಲ್ಲೇ ಸ್ವಲ್ಪ ದೂರ ಓಡುತ್ತದೆ. ಪ್ಲಗ್‌ಗೆ ಚುಚ್ಚುವ ಅಗತ್ಯವಿಲ್ಲ. ಬ್ರೇಕ್ ಹಿಡಿದಾಗ ವ್ಯರ್ಥವಾಗುವ ಶಕ್ತಿಯನ್ನೇ ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಮಾರುತಿಯ ಗ್ರ್ಯಾಂಡ್ ವಿಟಾರಾ ಮತ್ತು ಟೊಯೊಟಾದ ಹೈರೈಡರ್‌ನಲ್ಲಿ ಎರಡೂ ಬಗೆ ಇವೆ, ಆದ್ದರಿಂದ ಕೊಟೇಶನ್‌ನಲ್ಲಿ ವೇರಿಯಂಟ್ ಹೆಸರನ್ನು ಪೂರ್ತಿ ಬರೆಸಿಕೊಳ್ಳಿ. ಇನೋವಾ ಹೈಕ್ರಾಸ್‌ನಲ್ಲಿಯೂ ಬರಿ ಪೆಟ್ರೋಲ್ ಮಾದರಿ ಬೇರೆ, ಹೈಬ್ರಿಡ್ ಬೇರೆ.

ತೆರಿಗೆಯ ಸಾಲು

ವಿದ್ಯುತ್ ಮತ್ತು ಹೈಬ್ರಿಡ್ ವಾಹನಗಳಿಗೆ ಸಹಾಯಧನ ಕೊಡುವ ಕೇಂದ್ರದ ಫೇಮ್ ಯೋಜನೆ 2015ರ ಏಪ್ರಿಲ್‌ನಲ್ಲಿ ಶುರುವಾದಾಗ ಮೈಲ್ಡ್ ಹೈಬ್ರಿಡ್‌ಗೂ ಸಹಾಯಧನವಿತ್ತು. 2017ರ ಏಪ್ರಿಲ್‌ನಿಂದ ಅದನ್ನು ಕೈಬಿಡಲಾಯಿತು. ಅದೇ ಜುಲೈನಲ್ಲಿ ಜಿಎಸ್‌ಟಿ ಬಂದು, ಸುಮಾರು ಶೇ 30 ಇದ್ದ ಹೈಬ್ರಿಡ್ ತೆರಿಗೆ ಸೆಸ್ ಸೇರಿ ಶೇ 43ಕ್ಕೆ ಜಿಗಿಯಿತು. 2019ರಿಂದ 2024ರ ಮಾರ್ಚ್‌ವರೆಗೆ ನಡೆದ ಫೇಮ್–2ರಲ್ಲಿ ಕಾರಿನ ಸಹಾಯಧನ ಬಾಡಿಗೆ ಬಳಕೆಗೆ ಮೀಸಲಾಗಿತ್ತು, ಮನೆಯ ಕಾರಿಗೆ ಪಾಲಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಂದ ಕೇಂದ್ರದ ಮುಂದಿನ ಸಹಾಯಧನ ಯೋಜನೆ ಪಿಎಂ ಇ–ಡ್ರೈವ್‌ನಲ್ಲಿ ದ್ವಿಚಕ್ರ, ತ್ರಿಚಕ್ರ, ಬಸ್ಸು, ಲಾರಿ, ಆಂಬುಲೆನ್ಸ್ ಇವೆ; ಕಾರು ಇಲ್ಲ. ಹಾಗಾಗಿ ‘ಸಬ್ಸಿಡಿ ಕಳೆದು ಬೆಲೆ ಹೇಳಿದ್ದೇನೆ’ ಎನ್ನುವ ಸೇಲ್ಸ್‌ಮನ್ ಸಾಮಾನ್ಯವಾಗಿ ಕಂಪನಿಯ ರಿಯಾಯಿತಿಗೆ ಆ ಹೆಸರು ಕೊಟ್ಟಿರುತ್ತಾನೆ.

2025ರ ಸೆಪ್ಟೆಂಬರ್ 22ರಿಂದ ಲೆಕ್ಕ ಸರಳವಾಗಿದೆ. ನಾಲ್ಕು ಮೀಟರ್‌ ಒಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಹೈಬ್ರಿಡ್‌ಗೆ ಜಿಎಸ್‌ಟಿ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 40. ಮೇಲೆ ಹೇಳಿದ ಸ್ಟ್ರಾಂಗ್ ಹೈಬ್ರಿಡ್‌ಗಳೆಲ್ಲ ಎರಡನೆಯ ಸಾಲಿನವು. ಅದೇ ಕಾರಿನ ಬರಿ ಪೆಟ್ರೋಲ್ ಮಾದರಿಗೂ ಶೇ 40. ಅಂದರೆ ಎಣ್ಣೆ ಉಳಿಸಿದ್ದಕ್ಕೆ ತೆರಿಗೆಯಲ್ಲಿ ಒಂದು ಪೈಸೆಯ ಬಹುಮಾನವೂ ಇಲ್ಲ. ಪೂರ್ತಿ ವಿದ್ಯುತ್ ಕಾರಿಗೆ ಮಾತ್ರ ಶೇ 5.

ರಾಜ್ಯದ ಜೀವಿತಾವಧಿ ತೆರಿಗೆ ಕಾರಿನ ಬೆಲೆಯಲ್ಲಿ 5 ಲಕ್ಷದವರೆಗೆ ಶೇ 13, ಹತ್ತರವರೆಗೆ 14, ಇಪ್ಪತ್ತರವರೆಗೆ 17, ಆಮೇಲೆ 18. ಹೀಗೆ ಬಂದ ತೆರಿಗೆಯ ಮೇಲೆ ಶೇ 11ರಷ್ಟು ಸೆಸ್. ಹೀಗಾಗಿ 10ರಿಂದ 20 ಲಕ್ಷದ ಕಾರಿಗೆ ನಿಜವಾದ ದರ ಶೇ 18.87, ಇಪ್ಪತ್ತು ದಾಟಿದರೆ ಶೇ 19.98. ಇಲ್ಲಿ ಎಡವುವವರು ಬಹಳ. ದರ ಪೂರ್ತಿ ಬೆಲೆಗೆ ಅನ್ವಯಿಸುತ್ತದೆ, ಮೀರಿದ ಭಾಗಕ್ಕಷ್ಟೇ ಅಲ್ಲ. 19.99 ಲಕ್ಷದ ಕಾರಿನ ಬದಲು 20.01 ಲಕ್ಷದ್ದು ತೆಗೆದುಕೊಂಡರೆ, ಬೆಲೆಯ ಎರಡು ಸಾವಿರದ ವ್ಯತ್ಯಾಸಕ್ಕೆ ತೆರಿಗೆ 22 ಸಾವಿರಕ್ಕೂ ಹೆಚ್ಚು ಏರುತ್ತದೆ. ಹೈಬ್ರಿಡ್‌ನ ಮೇಲಿನ ವೇರಿಯಂಟ್‌ಗಳು ಸರಿಯಾಗಿ ಈ ಗಡಿಯ ಆಸುಪಾಸಿನಲ್ಲೇ ಬರುತ್ತವೆ. ಸೀಟ್ ಕವರ್, ಮ್ಯಾಟ್‌ಗಳ ಬಿಲ್ಲನ್ನು ಕಾರಿನ ಇನ್‌ವಾಯ್ಸ್‌ಗೆ ಸೇರಿಸದೆ ಪ್ರತ್ಯೇಕ ಮಾಡಿಸಿ.

ಉತ್ತರ ಪ್ರದೇಶ 2024ರ ಜುಲೈನಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ನೋಂದಣಿ ತೆರಿಗೆ ಮನ್ನಾ ಮಾಡಿತು. ಅಲ್ಲಿಂದ ತಂದರೆ? ಅಲ್ಲಿನ ವಿಳಾಸ ಬೇಕು. ತಂದ ಮೇಲೂ ಹನ್ನೆರಡು ತಿಂಗಳು ಮೀರಿ ಇಲ್ಲೇ ಇಟ್ಟುಕೊಂಡರೆ ಇಲ್ಲಿ ಮರುನೋಂದಣಿ, ಇಲ್ಲಿನ ತೆರಿಗೆ. ಪಾವಗಡ, ಮಧುಗಿರಿ ಕಡೆಯವರು ಹಿಂದೂಪುರದ ಬೆಲೆ ನೋಡಿ ಮನಸ್ಸು ಮಾಡುವ ಮೊದಲು ಇದೇ ನಿಯಮ ನೆನಪಿಡಲಿ.

ರಸ್ತೆಯ ಲೆಕ್ಕ

ನಿಜವಾದ ತೀರ್ಮಾನ ಇಲ್ಲಿದೆ. ಉದಾಹರಣೆಗೆ ಒಂದೇ ಕಾರಿನ ಪೆಟ್ರೋಲ್ ಆಟೊಮ್ಯಾಟಿಕ್ 14.5 ಲಕ್ಷ, ಸ್ಟ್ರಾಂಗ್ ಹೈಬ್ರಿಡ್ 17 ಲಕ್ಷ ಎಂದುಕೊಳ್ಳಿ. ಬೆಲೆಯ ಅಂತರ 2.5 ಲಕ್ಷ, ಅದರ ಮೇಲಿನ ತೆರಿಗೆ 47 ಸಾವಿರ. ವಿಮೆಯ ವ್ಯತ್ಯಾಸ ಸೇರಿ ಮೂರು ಲಕ್ಷ ಹಿಡಿಯೋಣ. ಈ ಮೂರು ಲಕ್ಷ ಪೆಟ್ರೋಲ್ ಉಳಿತಾಯದಿಂದ ವಾಪಸಾಗಬೇಕು. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದಿಡಿ.

ಶೋರೂಂನವರು ಎಆರ್‌ಎಐ (ವಾಹನ ಪರೀಕ್ಷಾ ಸಂಸ್ಥೆ) ಕೊಟ್ಟ ಮೈಲೇಜ್ ಹಿಡಿದು ಲೆಕ್ಕ ಮಾಡಿಕೊಡುತ್ತಾರೆ: ಹೈರೈಡರ್ ಹೈಬ್ರಿಡ್‌ಗೆ ಅದು ಲೀಟರಿಗೆ 27.97 ಕಿ.ಮೀ. ಪ್ರಯೋಗಾಲಯದ ರೋಲರ್ ಮೇಲೆ ಬಂದ ಅಂಕಿಯದು. ಅದನ್ನು ಪಕ್ಕಕ್ಕಿಟ್ಟು ನಿಮ್ಮ ಈಗಿನ ಕಾರಿನ ಮೈಲೇಜ್ ನೀವೇ ಅಳೆಯಿರಿ. ಒಂದೇ ಬಂಕ್‌ನಲ್ಲಿ, ನಳಿಕೆ ತಾನಾಗಿ ಮೊದಲ ಸಲ ನಿಂತಾಗ ಟ್ಯಾಂಕ್ ತುಂಬಿತೆಂದು ಲೆಕ್ಕ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲವೂ ಹಾಗೆಯೇ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಮೂರು ಸಲದ ಸರಾಸರಿ ಸಾಕು. ಬಂಕ್‌ನವರು ‘ರೌಂಡ್ ಫಿಗರ್’ ಮಾಡಲು ಇನ್ನಷ್ಟು ಹಿಂಡಿದರೆ ಲೆಕ್ಕ ಕೆಡುತ್ತದೆ.

ಮೂರು ಬಗೆಯ ಓಡಾಟ ನೋಡಿ. ಬಿ.ಎಚ್. ರಸ್ತೆ, ಟೌನ್‌ಹಾಲ್ ವೃತ್ತ, ಎಂ.ಜಿ. ರಸ್ತೆ ಎಂದು ಊರೊಳಗೇ ವರ್ಷಕ್ಕೆ 15 ಸಾವಿರ ಕಿ.ಮೀ. ಓಡಿಸುವವರಿಗೆ ಪೆಟ್ರೋಲ್ ಕಾರು ಲೀಟರಿಗೆ 10 ಕೊಟ್ಟರೆ ಹೈಬ್ರಿಡ್ 22 ಕೊಟ್ಟೀತು. ಉಳಿತಾಯ ವರ್ಷಕ್ಕೆ 818 ಲೀಟರ್, 84 ಸಾವಿರ ರೂಪಾಯಿ. ಮೂರೂವರೆ ವರ್ಷದಲ್ಲಿ ದುಡ್ಡು ವಾಪಸ್. ಶಿರಾ, ಹಿರಿಯೂರು, ಚಿತ್ರದುರ್ಗ ಎಂದು ಹೆದ್ದಾರಿಯಲ್ಲೇ ನೂರರ ವೇಗದಲ್ಲಿ ವರ್ಷಕ್ಕೆ 25 ಸಾವಿರ ಕಿ.ಮೀ. ಓಡುವವರಿಗೆ 17 ಮತ್ತು 20 ಹಿಡಿಯಿರಿ. ಉಳಿಯುವುದು 221 ಲೀಟರ್, ಹಣ 22,700. ಹದಿಮೂರು ವರ್ಷ ಬೇಕು! ಕಾರಣ ಸರಳ: ಹೆದ್ದಾರಿಯಲ್ಲಿ ಬ್ರೇಕ್ ಇಲ್ಲ, ಆದ್ದರಿಂದ ಬ್ಯಾಟರಿಗೆ ಹಿಂತಿರುಗುವ ಶಕ್ತಿಯೂ ಇಲ್ಲ, ಎಂಜಿನ್ ಒಂದೇ ಸಮನೆ ಗಾಳಿಯನ್ನು ಸೀಳುತ್ತಿರುತ್ತದೆ. ಮೂರನೆಯವರು ದಿನವೂ ಬೆಂಗಳೂರಿಗೆ ಹೋಗಿಬರುವವರು. ನೆಲಮಂಗಲದವರೆಗೆ ಹೆದ್ದಾರಿ, ಪೀಣ್ಯ–ಗೊರಗುಂಟೆಪಾಳ್ಯದಲ್ಲಿ ತೆವಳಾಟ. ಅವರಿಗೆ 14ಕ್ಕೆ 21 ಸಿಕ್ಕರೆ, 25 ಸಾವಿರ ಕಿ.ಮೀ.ಗೆ 595 ಲೀಟರ್, 61 ಸಾವಿರ ರೂಪಾಯಿ. ಸುಮಾರು ಐದು ವರ್ಷ.

ಮಾರುತಿ, ಟೊಯೊಟಾ ಹೈಬ್ರಿಡ್ ಬ್ಯಾಟರಿಯ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ನಿಮ್ಮ ಅಸಲು ವಾಪಸಾಗುವ ಅವಧಿ ಇದನ್ನು ಮೀರಿದರೆ ಹಣ ಉಳಿಸಲೆಂದು ಹೈಬ್ರಿಡ್ ಕೊಳ್ಳಬೇಡಿ. ಸದ್ದಿಲ್ಲದ ಓಟ ಇಷ್ಟ ಎಂದು ಕೊಂಡರೆ ಅದು ಬೇರೆ ಮಾತು.

ವಿದೇಶಿ ಎಣ್ಣೆ ಎಷ್ಟು ಉಳಿಯಿತು?

ದೇಶ ಬಳಸುವ ಕಚ್ಚಾತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನದು. ಬಂಕ್‌ನಲ್ಲಿ ಈಗ ಸಿಗುವ ಇ–20 ಪೆಟ್ರೋಲ್‌ನಲ್ಲಿ ಐದರಲ್ಲೊಂದು ಪಾಲು ಎಥೆನಾಲ್, ಅದು ಕಚ್ಚಾತೈಲದ್ದಲ್ಲ. ಉಳಿಸಿದ ಲೀಟರನ್ನು 0.8ರಿಂದ, ಬಂದದ್ದನ್ನು 0.85ರಿಂದ ಗುಣಿಸಿ. ಊರೊಳಗಿನ 818 ಲೀಟರ್‌ಗೆ ಸುಮಾರು 556 ಲೀಟರ್ ವಿದೇಶಿ ಎಣ್ಣೆ ಬಂತು. ಹೆದ್ದಾರಿಯ 221ಕ್ಕೆ ಬರೀ 150. ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ, ಆದ್ದರಿಂದ ಇ–20 ಬಂದ ಮೇಲೆ ಮೈಲೇಜ್ ತುಸು ಇಳಿದಿರುವುದು ಸಹಜ. ಹಳೆಯ ಮೈಲೇಜ್ ಡೈರಿಯ ಅಂಕಿ ಹಿಡಿದು ಲೆಕ್ಕ ಮಾಡಬೇಡಿ.

ವಿದ್ಯುತ್ ಕಾರಿನ ಜೊತೆ ಹೋಲಿಸುವವರು ಮನೆಯ ಬಿಲ್ ಮರೆಯುತ್ತಾರೆ. ವರ್ಷಕ್ಕೆ 15 ಸಾವಿರ ಕಿ.ಮೀ.ಗೆ, ಯೂನಿಟ್‌ಗೆ ಆರೂವರೆ ಕಿ.ಮೀ. ಮತ್ತು ಚಾರ್ಜಿಂಗ್ ನಷ್ಟ ಶೇ 10 ಎಂದರೆ ತಿಂಗಳಿಗೆ ಸುಮಾರು 210 ಯೂನಿಟ್. ಗೃಹಜ್ಯೋತಿಯ ಮಿತಿ 200. ತಿಂಗಳ ಬಳಕೆ ಅದನ್ನು ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಕಾರಿಗೆ ಬೆಸ್ಕಾಂನಿಂದ ಪ್ರತ್ಯೇಕ ಇವಿ ಮೀಟರ್ ಹಾಕಿಸುವುದು ಇದಕ್ಕೆ ದಾರಿ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್ ಸೌರಫಲಕಕ್ಕೆ 78 ಸಾವಿರ ರೂಪಾಯಿ ಸಹಾಯಧನವಿದೆ. 2,050 ಮೆಗಾವಾಟ್‌ನ ಸೌರಪಾರ್ಕ್ ಪಾವಗಡದಲ್ಲೇ ಇರುವಾಗ, ಈ ಜಿಲ್ಲೆಯ ಬಿಸಿಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಿದ್ಯುತ್ ಕಾರಿಗೆ ರಸ್ತೆ ತೆರಿಗೆಯೇ ಇಲ್ಲ ಎಂಬ ಹಳೆಯ ಮಾತು ಮಾತ್ರ ನಂಬಬೇಡಿ: 2024ರಲ್ಲೇ 25 ಲಕ್ಷ ಮೀರಿದವಕ್ಕೆ ಶೇ 10 ಬಂತು. ಬುಕ್ ಮಾಡುವ ದಿನದ ದರವನ್ನು ಆರ್‌ಟಿಒ ಕಚೇರಿಯಲ್ಲೇ ಕೇಳಿ.

ಡೆಲಿವರಿಗೆ ಮುನ್ನ ಕಾಗದಪತ್ರ

ಹೈಬ್ರಿಡ್‌ಗೆಂದೇ ಇರುವ ರಿಯಾಯಿತಿ ವಿಮೆಯಲ್ಲಿದೆ. 2022ರ ಜೂನ್‌ನಿಂದ ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ಹೈಬ್ರಿಡ್‌ಗೆ ಶೇ 7.5 ಕಡಿತ. ಆಗ ನಿಗದಿಯಾದ ದರದಲ್ಲಿ 1,000–1,500 ಸಿಸಿಯ ಹೊಸ ಕಾರಿಗೆ ಮೂರು ವರ್ಷದ ಮೊತ್ತ 10,640. ಕಡಿತ ಸುಮಾರು 800 ರೂಪಾಯಿ. 1,500 ಸಿಸಿ ಮೀರಿದ ಹೈಕ್ರಾಸ್‌ನಂಥದಕ್ಕೆ 24,596ರಲ್ಲಿ ಸುಮಾರು 1,845. ಚಿಕ್ಕ ಮೊತ್ತ, ಆದರೆ ಕೇಳದಿದ್ದರೆ ಸಿಗದೇ ಹೋಗಬಹುದು. ನೋಂದಣಿ ಅರ್ಜಿಯ ಇಂಧನದ ಕಾಲಂನಲ್ಲಿ ಬರೀ ‘ಪೆಟ್ರೋಲ್’ ಎಂದಿದ್ದರೆ ವಿಮಾ ಕಂಪನಿ ಕಡಿತ ನಿರಾಕರಿಸಬಹುದು. ‘ಹೈಬ್ರಿಡ್’ ಎಂದು ನಮೂದಾಗಿದೆಯೇ ನೋಡಿ ಸಹಿ ಹಾಕಿ. ಆರ್‌ಸಿ ಬಂದ ಮೇಲೆ ತಿದ್ದಿಸುವುದು ಅಲೆದಾಟ.

ಹತ್ತು ಲಕ್ಷ ಮೀರಿದ ಕಾರಿಗೆ ಡೀಲರ್ ಶೇ 1ರಷ್ಟು ಟಿಸಿಎಸ್ (ಮಾರುವಾಗಲೇ ವಸೂಲು ಮಾಡುವ ಆದಾಯ ತೆರಿಗೆ) ಹಿಡಿಯುತ್ತಾನೆ, 17 ಲಕ್ಷಕ್ಕೆ 17 ಸಾವಿರ. ಇದು ಖರ್ಚಲ್ಲ; ಪ್ಯಾನ್ ಸರಿಯಾಗಿ ಕೊಟ್ಟು, ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿದರೆ ಹೊಂದಾಣಿಕೆಯಾಗುತ್ತದೆ ಅಥವಾ ವಾಪಸ್ ಬರುತ್ತದೆ. ರಿಟರ್ನ್ ಸಲ್ಲಿಸದವರು ಸುಮ್ಮನೆ ಕಳೆದುಕೊಳ್ಳುತ್ತಾರೆ.

ಕೊಂಡ ಮೇಲೆ

ಬ್ಯಾಟರಿಗೆ ತಂಪು ಗಾಳಿ ಎಳೆಯುವ ಕಿಂಡಿ ಹಲವು ಮಾದರಿಗಳಲ್ಲಿ ಹಿಂದಿನ ಸೀಟಿನ ಬಳಿಯೇ ಇರುತ್ತದೆ. ಅದರ ಮುಂದೆ ಚೀಲ, ಕಂಬಳಿ ಒತ್ತರಿಸಬೇಡಿ. ಮಣ್ಣುರಸ್ತೆಯ ಓಡಾಟ ಹೆಚ್ಚಿದ್ದರೆ ಪ್ರತಿ ಸರ್ವಿಸ್‌ನಲ್ಲೂ ಅಲ್ಲಿನ ಜಾಲರಿ ಶುಚಿ ಮಾಡಿಸಿ. ದೂಳು ಕಟ್ಟಿದರೆ ಬ್ಯಾಟರಿ ಬಿಸಿಯಾಗಿ, ಮೋಟರ್ ಕೊಡುವ ನೆರವು ತಗ್ಗುತ್ತದೆ. ಕಾರನ್ನು ವಾರಗಟ್ಟಲೆ ನಿಲ್ಲಿಸಿದರೆ ಇಳಿಯುವುದು ದೊಡ್ಡ ಬ್ಯಾಟರಿಗಿಂತ ಮೊದಲು 12 ವೋಲ್ಟ್‌ನ ಸಾಮಾನ್ಯ ಬ್ಯಾಟರಿ. ಅದು ಸತ್ತರೆ ಕಾರು ‘ರೆಡಿ’ ಸ್ಥಿತಿಗೇ ಬರುವುದಿಲ್ಲ. ದೇವರಾಯನದುರ್ಗದ ಇಳಿಜಾರಿನಲ್ಲಿ ಚಿಕ್ಕ ಬ್ಯಾಟರಿ ಬೇಗ ತುಂಬಿ, ಆಮೇಲೆ ಶಕ್ತಿ ಹೀರಿಕೊಳ್ಳದು. ಗೇರ್ ಲಿವರಿನ ‘ಬಿ’ ಸ್ಥಾನಕ್ಕೆ ಹಾಕಿ ಎಂಜಿನ್‌ನ ತಡೆಯಲ್ಲಿ ಇಳಿಯಿರಿ.