ಬರದ ನೆಲದಲ್ಲಿ ಅಂತರ್ಜಲದ ಕ್ಷೇತ್ರ ಅಧ್ಯಯನ ನಡೆಸುವುದು ಹೇಗೆ?

ಗ್ರಾನೈಟ್, ನೈಸ್‌ನಂಥ ಗಟ್ಟಿಶಿಲೆಯ ಬರಪ್ರದೇಶದಲ್ಲಿ ಅಂತರ್ಜಲದ ಅಧ್ಯಯನಕ್ಕೆ ಹೊರಟವರು ಉಪಕರಣದ ಪೆಟ್ಟಿಗೆ ತೆರೆಯುವ ಮುನ್ನ ಬತ್ತಿದ ತೆರೆದ ಬಾವಿಯೊಂದನ್ನು ಹುಡುಕಬೇಕು. ನೀರಿದ್ದಾಗ ಮುಚ್ಚಿಹೋಗಿದ್ದ ಗೋಡೆ ಈಗ ತಳದವರೆಗೂ ಕಾಣುತ್ತದೆ. ಸಂಶೋಧಕರಿಗೆ ಬರ ಮಾಡುವ ಉಪಕಾರ ಬಹುಶಃ ಇದೊಂದೇ. ಮಣ್ಣಿನ ಪದರ ಎಷ್ಟು ದಪ್ಪ, ಅದರಡಿಯ ಶಿಥಿಲ ಶಿಲೆ ಎಲ್ಲಿಯವರೆಗಿದೆ, ಬಿರುಕುಬಿಟ್ಟ ಬಂಡೆ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ದಡದಲ್ಲಿ ನಿಂತೇ ಅಳೆದು ಚಿತ್ರ ಬರೆದುಕೊಳ್ಳಬೇಕು. ಬಿರುಕೊಂದರ ಬಾಯಲ್ಲಿ ತೇವದ ಕಲೆಯೋ ಇಳಿಬಿದ್ದ ಬೇರುಗಳೋ ಕಂಡರೆ, ನೀರು ಒಸರುತ್ತಿದ್ದ ದಾರಿ ಅದೇ ಇರಬಹುದು. ತಳದಲ್ಲಿ ಆಮ್ಲಜನಕದ ಕೊರತೆ ಇರಬಹುದಾದ್ದರಿಂದ ಒಳಗಿಳಿಯುವುದು ಬೇಡ.

ಅನಂತರ ಸುತ್ತಲಿನ ಬಂಡೆಗಳಲ್ಲಿ ಬಿರುಕುಗಳ ದಿಕ್ಕನ್ನೂ ಓರೆಯನ್ನೂ ದಿಕ್ಸೂಚಿಯಿಂದ ಅಳೆಯಬೇಕು. ಕಪ್ಪುಕಲ್ಲಿನ ಡೈಕ್‌ಗಳು (ಬಂಡೆಯ ಬಿರುಕಿಗೆ ಶಿಲಾರಸ ನುಗ್ಗಿ ಗಟ್ಟಿಯಾದ ಗೋಡೆಯಂಥ ಶಿಲೆಗಳು) ಅಡ್ಡಹಾಯ್ದಿದ್ದರೆ ಅವನ್ನು ತಪ್ಪದೆ ನಕ್ಷೆಯಲ್ಲಿ ಗುರುತಿಸಬೇಕು; ಬಿರುಕಿಲ್ಲದ ಡೈಕ್ ನೆಲದೊಳಗಿನ ಕಟ್ಟೆಯಂತೆ ನೀರನ್ನು ತಡೆಯುವುದುಂಟು.

ಕೊಳವೆಬಾವಿಯ ಒಳಗನ್ನು ನೋಡಲಾಗದು, ಆದ್ದರಿಂದ ಕೊರೆಸಿದವರನ್ನೇ ಕೇಳಬೇಕು. ಒಟ್ಟು ಆಳವನ್ನು ಅಂದಾಜಿನಲ್ಲಿ ಹೇಳುವವರು ಕೂಡ ಮೇಲಿನ ಸಡಿಲ ನೆಲ ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪ್ ಎಷ್ಟು ಕೊಂಡೆವೆಂಬುದನ್ನು ಸಾಮಾನ್ಯವಾಗಿ ಸರಿಯಾಗಿ ನೆನಪಿಟ್ಟಿರುತ್ತಾರೆ. ಕೇಸಿಂಗ್ ಗಟ್ಟಿಬಂಡೆ ಸಿಗುವವರೆಗೆ ಇಳಿಯುವುದರಿಂದ, ಆ ಉದ್ದವೇ ಶಿಥಿಲ ಪದರದ ದಪ್ಪವನ್ನು ಸುಮಾರಾಗಿ ತಿಳಿಸಿಕೊಡುತ್ತದೆ.

ನೀರಿನ ಮಟ್ಟ ಅಳೆಯುವಾಗ ಹೆಚ್ಚಿನ ತಪ್ಪುಗಳಾಗುತ್ತವೆ. ಪಂಪ್ ಈಗಷ್ಟೇ ನಿಂತಿದ್ದರೆ ಸಿಗುವುದು ಎಳೆದು ಇಳಿಸಿದ ಮಟ್ಟವೇ ಹೊರತು ಬಾವಿಯ ನಿಂತ ಮಟ್ಟವಲ್ಲ. ಆದ್ದರಿಂದ ಪಂಪ್ ನಿಲ್ಲಿಸಿದ ಹೊತ್ತನ್ನು ಬರೆದುಕೊಂಡು, ಮಟ್ಟ ಏರುವುದು ನಿಲ್ಲುವವರೆಗೆ ಮತ್ತೆ ಮತ್ತೆ ಅಳೆಯಬೇಕು. ಉಕ್ಕಿನ ಟೇಪಿನ ಕೊನೆಯ ಒಂದು ಮೀಟರಿಗೆ ಸೀಮೆಸುಣ್ಣ ಬಳಿದು ಇಳಿಬಿಟ್ಟು, 20 ಮೀಟರಿನ ಗುರುತನ್ನು ಕೇಸಿಂಗ್ ಅಂಚಿಗೆ ಹಿಡಿದೆವೆನ್ನೋಣ. ಮೇಲೆಳೆದಾಗ ತುದಿಯಿಂದ 0.64 ಮೀಟರಿನವರೆಗೆ ಸುಣ್ಣ ನೆನೆದಿದ್ದರೆ ನೀರು ಅಂಚಿನಿಂದ 19.36 ಮೀಟರ್ ಕೆಳಗಿದೆ. ಅಂಚು ನೆಲಕ್ಕಿಂತ ಅರ್ಧ ಮೀಟರ್ ಎತ್ತರದಲ್ಲಿದ್ದರೆ ನೆಲದಿಂದ ಆಳ 18.86 ಮೀಟರ್. ಅಳೆದ ಜಾಗಕ್ಕೆ ಬಣ್ಣದ ಗುರುತು ಹಾಕಿ ಬಂದರೆ ಮುಂದಿನ ಸಲವೂ ಅಲ್ಲಿಂದಲೇ ಅಳೆಯಬಹುದು.

ಈ ಆಳವನ್ನು ಸಮುದ್ರಮಟ್ಟದಿಂದ ಆ ಸ್ಥಳ ಇರುವ ಎತ್ತರದಿಂದ ಕಳೆದು, ಒಂದೇ ನೇರದಲ್ಲಿಲ್ಲದ ಕನಿಷ್ಠ ಮೂರು ಬಾವಿಗಳನ್ನು ಹೋಲಿಸಿದರೆ ನೀರು ಸಾಗುವ ದಿಕ್ಕಿನ ಮೊದಲ ಸುಳಿವು ಸಿಗುತ್ತದೆ. ಕೈಯಲ್ಲಿ ಹಿಡಿಯುವ ಜಿಪಿಎಸ್ ಎತ್ತರದಲ್ಲಿ ಹಲವು ಮೀಟರ್ ತಪ್ಪಬಹುದಾದ್ದರಿಂದ ಮಟ್ಟದ ಸರ್ವೆ ಮಾಡಿಸುವುದೇ ಲೇಸು. ಕರಗಿದ ಲವಣಗಳ ಪ್ರಮಾಣವನ್ನು ಸೂಚಿಸುವ ವಿದ್ಯುದ್ವಾಹಕತೆ ಮತ್ತು ಪಿಎಚ್ ಅನ್ನು ಬಾವಿಯ ಬಳಿಯೇ ಅಳೆದು, ಫ್ಲೋರೈಡ್ ಪರೀಕ್ಷೆಗೆ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ಯಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ.

ಮಳೆಗಾಲದ ಮುಂಚೆ ಅಳೆದ ಬಾವಿಗಳನ್ನೇ ಮಳೆಗಾಲ ಮುಗಿದ ಮೇಲೂ ಅಳೆಯಬೇಕು. ಮಟ್ಟ 4 ಮೀಟರ್ ಏರಿ, ಆ ಶಿಥಿಲ ಶಿಲೆ ಬಿಟ್ಟುಕೊಡುವ ನೀರು ಅದರ ಗಾತ್ರದ ಶೇ 2ರಷ್ಟಿದ್ದರೆ, ನೆಲದೊಳಗೆ ಹೆಚ್ಚಿದ ನೀರು 80 ಮಿಲಿಮೀಟರ್ ಮಾತ್ರ, ಅಂದರೆ ಒಂದು ಚದರ ಕಿಲೋಮೀಟರಿಗೆ 80,000 ಘನ ಮೀಟರ್. ಮಳೆಗಾಲದಲ್ಲೂ ಪಂಪುಗಳು ಓಡುತ್ತಿದ್ದವೇ ಎಂಬುದನ್ನು ವಿಚಾರಿಸಿ, ಅವು ಎತ್ತಿದ ನೀರನ್ನು ಇದಕ್ಕೆ ಕೂಡಿಸದೆ ಮರುಪೂರಣದ, ಅಂದರೆ ನೆಲಕ್ಕೆ ಇಂಗಿ ಅಂತರ್ಜಲಕ್ಕೆ ಸೇರಿದ ನೀರಿನ, ಲೆಕ್ಕ ಬರೆಯಬಾರದು.